ಆ ಊರಿನ ಗಂಧಾರ

ಮೊನ್ನೆ ಒಬ್ಬ ಹುಡುಗಿ ಮನೆ ಹುಡುಕಿಕೊಂಡು ಬಂದಿದ್ದಳು. ಹೈಸ್ಕೂಲಿಗೆ ಸಂಗೀತ ಶಿಕ್ಷಕಿಯಾಗಿ ಹೊಸದಾಗಿ ಸೇರಿದ್ದಾಳೆ. ಚಹಾ ಕುಡಿದು ಕಪ್ಪು ಕೆಳಗಿಟ್ಟು, 'ಅಕ್ಕೋರ, ಈ ನೌಕರಿ ಹೆಂಗ ಮಾಡಬೇಕು, ಒಂದೀಟು ಹೇಳ್ರಿ' ಅಂದಳು. ಇಷ್ಟು ವರ್ಷ ಮಾಡಿದ ಕೆಲಸದ ಬಗ್ಗೆ ಹೇಳಲು ಒಂದು ಮಾತೂ ಸಿಗಲಿಲ್ಲ. ಕಡೆಗೆ, ತಣ್ಣೀರು ಕುಡಿಯಬೇಡ, ಹೆಡ್ ಮಾಸ್ತರರ ಕೂಡ ಜಗಳ ಆಡಬೇಡ ಎಂದು ಹೇಳಿ ಕಳಿಸಿದೆ. ಎರಡನ್ನೂ ನಾನೇ ಪಾಲಿಸಿದವಳಲ್ಲ.

ಅವಳು ಹೋದ ಮೇಲೆ ನನಗೇ ಕಸಿವಿಸಿಯಾಯಿತು. ಪಾಪ, ಅಷ್ಟು ದೂರದಿಂದ ಬಂದ ಹುಡುಗಿಗೆ ಹೇಳಬೇಕಾದದ್ದು ಇದ್ದೇ ಇತ್ತು. ಆದರೆ ಅದು ಬುದ್ಧಿಮಾತಲ್ಲ. ನನಗೇ ಇನ್ನೂ ಬಗೆಹರಿಯದ ಒಂದು ಸಂಗತಿ. ಅದನ್ನು ಬಾಯಿಂದ ಹೇಳಿದರೆ ಹಿಂದುಮುಂದಾಗುತ್ತದೆ ಎಂದು ಬರೆಯಲು ಕೂತಿದ್ದೇನೆ.

ಸಂಗೀತ ಶಿಕ್ಷಕಿಗೆ ಪ್ರಮೋಷನ್ ಎಲ್ಲಿಂದ ಬರಬೇಕು? ಸೇರಿದಾಗ ಸಂಗೀತ ಶಿಕ್ಷಕಿ, ಬಿಟ್ಟಾಗ ಸಂಗೀತ ಶಿಕ್ಷಕಿ. ನಡುವೆ ಬರೀ ವರ್ಗಾವಣೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಹೋದಲ್ಲೆಲ್ಲ ನನ್ನ ತಂಬೂರಿಯನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಕಂಡಕ್ಟರುಗಳು ಅದನ್ನು ಕುಂಬಳಕಾಯಿ ಅನ್ನುತ್ತಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ ಇಂಡಿಯಲ್ಲಿ ಸೇರಿದಾಗ ನಮ್ಮ ಹೆಡ್ ಮಾಸ್ತರರು ಗಣಿತದವರು. ಅವರ ಲೆಕ್ಕದಲ್ಲಿ ಸಂಗೀತವೆಂದರೆ ಬೆಳಗಿನ ಪ್ರಾರ್ಥನೆ, ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು, ಮತ್ತೆ ಸಾಹೇಬರು ಬಂದಾಗಿನ ಸ್ವಾಗತ ಗೀತೆ. ಉಳಿದ ದಿನ ಯಾರು ರಜೆ ಹಾಕಿದರೂ ಆ ತರಗತಿಗೆ ನಾನು. ಭೂಗೋಳ ಕಲಿಸಿದ್ದೇನೆ, ಹೊಲಿಗೆ ಕಲಿಸಿದ್ದೇನೆ, ಒಮ್ಮೆ ಕಬಡ್ಡಿಗೆ ಸೀಟಿಯನ್ನೂ ಊದಿದ್ದೇನೆ. ಯಾರು ಔಟಾದರು ನನಗೆ ತಿಳಿಯಲಿಲ್ಲ. ಎರಡೂ ಕಡೆಯವರು ಗೆದ್ದೆವೆಂದು ಕುಣಿದರು. ಹೆಡ್ ಮಾಸ್ತರರು ನನ್ನ ಮುಖ ನೋಡಿ, ನಿಮ್ಮ ಕೈಗೆ ಏನು ಕೊಟ್ಟರೂ ಭಜನೆ ಆಗುತ್ತದೆ ಅಂದರು.

ಅಲ್ಲಿ ಪ್ರಾರ್ಥನೆ ಹಾಡಿಸುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಭೀಮಾ ಹೊಳೆಯ ಕಡೆಯ ಒಂದು ಹಳ್ಳಿಯಿಂದ ಬರುವ ಮಕ್ಕಳೆಲ್ಲ ಒಂದೇ ಜಾಗದಲ್ಲಿ ಸ್ವರ ಇಳಿಸುತ್ತಿದ್ದರು. ಸರಿಗಮದಲ್ಲಿ ಮೂರನೆಯದು ಗಂಧಾರ, ಆ 'ಗ' ಬಂದ ಕೂಡಲೇ ಒಂದು ಕೂದಲೆಳೆಯಷ್ಟು ಕೆಳಗೆ. ಉಳಿದ ಸ್ವರಗಳು ಗಟ್ಟಿ, ಅಚ್ಚುಕಟ್ಟು. ಒಬ್ಬರದು ತಪ್ಪಿದರೆ ಕಿವಿ ಸರಿಯಿಲ್ಲ ಅನ್ನಬಹುದು. ಒಂದು ಊರಿನ ಎಲ್ಲ ಮಕ್ಕಳೂ ಮಾತಾಡಿಕೊಂಡ ಹಾಗೆ ಒಂದೇ ಕಡೆ ತಪ್ಪಿದರೆ? ಬೇಕೆಂದೇ ಮಾಡುತ್ತಿದ್ದಾರೆ ಎಂದು ಮೊದಲು ಬೈದೆ. ಅವರು ಕಣ್ಣು ಪಿಳಿಪಿಳಿ ಬಿಟ್ಟರು.

ಆಗಸ್ಟ್ ಹದಿನೈದು ಹತ್ತಿರ ಬಂತು. ತಹಶೀಲ್ದಾರರು ಬರುವವರಿದ್ದರು. ಹೆಡ್ ಮಾಸ್ತರರು ನನ್ನನ್ನು ಕರೆದು, 'ಅಕ್ಕೋರ, ಆ ಊರಿನ ಹುಡುಗ್ರನ್ನ ಹಿಂದ ನಿಂದರಸ್ರಿ. ಬಾಯಿ ಆಡಿಸಿದ್ರ ಸಾಕು, ಸೊಲ್ಲು ಹೊರಗ ಬರಬಾರದು' ಅಂದರು. ಸಂಗೀತಕ್ಕೂ ಅವರು ಭಾಗಾಕಾರ ಹಾಕಿಬಿಟ್ಟಿದ್ದರು. ಆದರೆ ಆ ದಿನ ಧ್ವಜ ಏರಿದ ಕೂಡಲೇ ಆ ಮಕ್ಕಳಿಗೆ ಉಮೇದು ಬಂದು ಎಲ್ಲ ಮರೆತು ಎದೆ ಬಿಚ್ಚಿ ಹಾಡಿದರು. ಮನೆಮನೆಯಲ್ಲಿ ಭಜನೆ ಇರುವ ಊರು, ಎಲ್ಲರಿಗಿಂತ ದೊಡ್ಡ ದನಿ ಅವರದೇ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಇಡೀ ಶಾಲೆಯ ಗಂಧಾರ ಅವರ ಗಂಧಾರಕ್ಕೆ ಇಳಿದಿತ್ತು. ತಹಶೀಲ್ದಾರರು ಚಪ್ಪಾಳೆ ತಟ್ಟಿದರು. ಭಾಳ ಚಲೋ ಆಯಿತು ಎಂದು ಹೆಡ್ ಮಾಸ್ತರರೂ ಅಂದರು. ಎಲ್ಲರೂ ಕೂಡಿ ತಪ್ಪಿದರೆ ಅದು ತಪ್ಪೋ ಅಲ್ಲವೋ ಎಂದು ಆವತ್ತೇ ನನಗೆ ತಲೆ ಕೆಟ್ಟದ್ದು.

ಶ್ರಾವಣದಲ್ಲಿ ಒಂದು ರವಿವಾರ ಆ ಊರಿಗೇ ಹೋದೆ. ಹಣಮಪ್ಪನ ಗುಡಿಯಲ್ಲಿ ಭಜನೆ ನಡೆದಿತ್ತು. ಪೇಟಿ ನುಡಿಸುತ್ತಿದ್ದವರು ಶಿವರಾಯಪ್ಪ. ಅಲ್ಪ ಸ್ವಲ್ಪ ಹೊಲ ಇದ್ದ ರೈತ, ಬೆರಳೆಲ್ಲ ಗಂಟುಗಂಟು. ಆದರೆ ಆ ಬೆರಳುಗಳು ಹಾರ್ಮೋನಿಯಂ ಮೇಲೆ ಓಡಾಡುವುದನ್ನು ನೋಡಬೇಕಿತ್ತು. ಪೇಟಿ ಅವರ ತಂದೆಯ ಕಾಲದ್ದು. ಮುರಿದುಹೋದ ಯಾವುದೋ ನಾಟಕ ಕಂಪನಿಯವರು ಊರಲ್ಲೇ ಬಿಟ್ಟುಹೋದದ್ದಂತೆ. ಆ ಊರಿನಲ್ಲಿ ಹಾಡು ಕಲಿತವರೆಲ್ಲ ಅದರ ಮುಂದೆ ಕೂತು ಕಲಿತವರು. ಊರಿನದು ಎತ್ತರದ ಶ್ರುತಿ, ಕರಿ ನಾಲ್ಕು. ಪೇಟಿಯ ನಾಲ್ಕನೇ ಕರಿ ಪಟ್ಟಿಯನ್ನು ಷಡ್ಜ, ಅಂದರೆ 'ಸ', ಮಾಡಿಕೊಂಡರೆ ಗಂಧಾರ ಒಂದು ಬಿಳಿ ಪಟ್ಟಿಯ ಮೇಲೆ ಬರುತ್ತದೆ. ಭಜನೆ ಮುಗಿದ ಮೇಲೆ, ಒಮ್ಮೆ ನುಡಿಸಿ ನೋಡಲೇ ಎಂದು ಕೇಳಿ ಆ ಬಿಳಿ ಪಟ್ಟಿ ಒತ್ತಿದೆ. ಮಕ್ಕಳ ಆ ಇಳಿದ ಗಂಧಾರ ಅಲ್ಲಿತ್ತು. ಅದರೊಳಗೆ ಸ್ವರ ಹೊರಡಿಸುವ ಹಿತ್ತಾಳೆ ರೀಡು ಯಾವ ಕಾಲದಲ್ಲಿ ಇಳಿದಿತ್ತೋ, ಇಡೀ ಊರೇ ಅದರ ಹಿಂದೆ ಇಳಿದಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕು, ಕುಣಿಯುವವರು ಮಾತ್ರ ಚಂದ ಕುಣಿಯುತ್ತಿದ್ದರು.

ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಶಿವರಾಯಪ್ಪ ಪೇಟಿಯನ್ನು ಧೋತರದ ಚುಂಗಿನಿಂದ ಒರೆಸುತ್ತ, 'ಮನಿಶ್ಯಾ ಸುಳ್ಳು ಹೇಳ್ತಾನ ಅಕ್ಕೋರ, ಪೇಟಿ ಹೇಳೂದಿಲ್ಲ' ಅಂದರು. ನಾನು ಅವರು ಕೊಟ್ಟ ಚಹಾ ಕುಡಿದೆ.

ಅವರ ಮಗಳು ಗೌರಾಬಾಯಿ ನಮ್ಮ ಶಾಲೆಯಲ್ಲೇ ಹತ್ತನೇ ಇಯತ್ತೆ. ಅಂಥ ಕಂಠ ನನ್ನ ಕೈಗೆ ಇನ್ನೊಂದು ಬರಲಿಲ್ಲ. ಆದರೆ ಅವಳ ಗಂಧಾರವೂ ಆ ಊರಿನದೇ. ಶಾಲೆ ಮುಗಿಸಿ ಅವಳು ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದಳು ಎಂದು ಕೇಳಿದೆ. ನನಗೆ ಸಿಂದಗಿಗೆ ವರ್ಗವಾಯಿತು, ಅವಳ ಸುದ್ದಿ ತಪ್ಪಿಹೋಯಿತು.

ಸಿಂದಗಿಯಲ್ಲಿ ಒಂದು ರವಿವಾರ ಬೆಳಿಗ್ಗೆ ಬಟ್ಟೆ ಒಗೆಯುತ್ತ ಕೂತಿದ್ದೆ. ಗೌರಾಬಾಯಿ ಬಾಗಿಲಲ್ಲಿ ಬಂದು ನಿಂತಳು. ಉಸಿರು ತಿರುಗುವ ಮುಂಚೆಯೇ ವಿಷಯ ಹೇಳಿದಳು. ಯಾರೋ ಕೀರ್ತನಕಾರರು ಹುರಿದುಂಬಿಸಿದರೆಂದು ರೇಡಿಯೊ ಆಡಿಷನ್ನಿಗೆ ಹೋಗಿದ್ದಳಂತೆ. ಆಯ್ಕೆಯಾಗಲಿಲ್ಲ. ಹೊರಗೆ ಬರುವಾಗ ಅಲ್ಲಿ ಹಾಡುವವರಿಗೆ ವಾದ್ಯದ ಸಾಥ್ ಕೊಡುವ ಹಿರಿಯರೊಬ್ಬರು ಮರುಗಿ, ಎಲ್ಲ ಚೆನ್ನಾಗಿದೆ ತಂಗಿ, ಗಂಧಾರ ಮಾತ್ರ ಇಳಿಯುತ್ತದೆ ಅಂದರಂತೆ. ದಾರಿಯುದ್ದಕ್ಕೂ ಯೋಚಿಸಿ ಅವಳು ತಾನೇ ಮೂಲಕ್ಕೆ ಬಂದಿದ್ದಳು.

'ಪೇಟಿದ ತಪ್ಪು ಹೌದಲ್ರಿ ಅಕ್ಕೋರ?'

ಹೌದು ಅಂದೆ. ಅವಳು ಅಳಲಿಲ್ಲ. ಹಿಂಡಿಟ್ಟ ಬಟ್ಟೆಗಳನ್ನು ತೆಗೆದುಕೊಂಡು ಹಗ್ಗದ ಮೇಲೆ ಹರವತೊಡಗಿದಳು. ಎಲ್ಲ ಹರವಿ ಮುಗಿದ ಮೇಲೆ ಬಂದು ಎದುರು ಕೂತಳು.

'ನನಗ ಹೊಸಾ ಗಂಧಾರ ಕಲಿಸ್ರಿ. ಎಷ್ಟು ವರ್ಷಾ ಆದ್ರೂ ಆಗಲಿ, ನಾ ಬರ್ತೇನಿ. ಆದ್ರ ನಮ್ಮಪ್ಪಗ ಮಾತ್ರ ಹೇಳಬ್ಯಾಡ್ರಿ. ಊರಿಗೆಲ್ಲಾ ತಪ್ಪು ಕಲಿಸೀನಿ ಅಂತ ಗೊತ್ತಾದ್ರ ಅವ ಪೇಟಿ ಮುಟ್ಟೂದಿಲ್ಲ. ಪೇಟಿ ಬಿಟ್ರ ಬದುಕೂದಿಲ್ಲ.'

ಮಾತು ಕೊಟ್ಟೆ. ಮಾತು ಕೊಡುವುದು ಸುಲಭ, ಸಂಗೀತ ಶಿಕ್ಷಕರಿಗೆ ಕಷ್ಟ ಅದಲ್ಲ. ಕಷ್ಟವೆಂದರೆ ಎದೆಹಾಲಿನ ಜೊತೆ ಕುಡಿದ ಸ್ವರವನ್ನು ಗಂಟಲಿನಿಂದ ಬಿಡಿಸುವುದು. ಹೊಸದನ್ನು ಕಲಿಸಬಹುದು, ಕಲಿತದ್ದನ್ನು ಮರೆಸುವುದು ಹೇಗೆ? ಯಾವ ಪಠ್ಯದಲ್ಲೂ ಇಲ್ಲ. ನಾನು ಹಾಡಿದಾಗ ಅವಳು ಸರಿಯಾಗಿ ಹಿಡಿಯುತ್ತಿದ್ದಳು. ನಾನು ನಿಲ್ಲಿಸಿದ ಕೂಡಲೇ ಬಾವಿಗೆ ಬಿಟ್ಟ ಕೊಡದ ಹಾಗೆ ಸ್ವರ ಕೆಳಗೆ. ಬೈದೆ, ರಮಿಸಿದೆ, ಒಮ್ಮೆ ಸಿಟ್ಟಿನಲ್ಲಿ ನೀನು ಅಂಗನವಾಡಿಯಲ್ಲೇ ಹಾಡಿಕೊಂಡಿರು ಎಂದೂ ಅಂದೆ. ಮುಂದಿನ ರವಿವಾರ ಮತ್ತೆ ಬಾಗಿಲಲ್ಲಿ ನಿಂತಿದ್ದಳು.

ಕಡೆಗೆ ನನಗೊಂದು ಹುಚ್ಚು ಉಪಾಯ ಹೊಳೆಯಿತು. ಗಂಧಾರವನ್ನೇ ಬಿಡಿಸಿದೆ. ದುರ್ಗಾ ರಾಗದಲ್ಲಿ ಗಂಧಾರವಿಲ್ಲ, ಸಾರಂಗದಲ್ಲಿ ಇಲ್ಲ. ಒಂದು ಇಡೀ ವರ್ಷ ಅವಳಿಂದ ಬರೀ ಅಂಥ ರಾಗಗಳನ್ನೇ ಹಾಡಿಸಿದೆ. ಏಕಾದಶಿಗೆ ಅನ್ನ ಬಿಡುವ ಹಾಗೆ ಗಂಧಾರದ ಉಪವಾಸ. ಪೇಟಿಯಂತೂ ಕಣ್ಣಿಗೂ ಬೀಳಬಾರದು, ಬರೀ ತಂಬೂರಿ. ಇದು ಸರಿಯಾದ ಕ್ರಮವೋ ಅಲ್ಲವೋ ಇಂದಿಗೂ ಗೊತ್ತಿಲ್ಲ. ನನ್ನ ಗುರುಗಳು ಬದುಕಿದ್ದರೆ ಕೈಯಲ್ಲಿದ್ದ ಕೋಲು ಎಸೆಯುತ್ತಿದ್ದರು.

ಊರಲ್ಲಿ ಭಜನೆಗೆ ಕೂತಾಗ ಅವಳು ಆ ಸ್ವರ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದಳಂತೆ. ಶಿವರಾಯಪ್ಪ ಅದನ್ನು ಗಮನಿಸಿ ಎಲ್ಲರ ಮುಂದೆ, ನನ್ನ ಮಗಳು ಕಲಿತು ಕಲಿತು ಒಂದು ಸ್ವರ ನುಂಗಲು ಕಲಿತಿದ್ದಾಳೆ ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಅವಳು ನನಗೆ ಅದನ್ನು ನಗುತ್ತಲೇ ಹೇಳಿದಳು. ಹೇಳಿ ಮುಗಿಸುವಾಗ ನಗು ಇರಲಿಲ್ಲ.

ಈ ನಡುವೆ ನಾನು ಮಾಡಬಾರದ ಒಂದು ಪರೀಕ್ಷೆ ಮಾಡಿದೆ. ತಂಬೂರಿಯನ್ನು ಚೆನ್ನಾಗಿ ಕೂಡಿಸಿ ಮೀಟಿದರೆ ಖರ್ಜದ, ಅಂದರೆ ಕೆಳಗಿನ 'ಸ'ದ ತಂತಿಯೊಳಗಿಂದ ಗಂಧಾರ ತಾನಾಗಿ ಕೇಳಿಸುತ್ತದೆ, ಯಾರೂ ಹಾಡದೆಯೇ. ಅದಕ್ಕೆ ಸರಿಯಾಗಿ ನಮ್ಮ ಶಾಲೆಯ ಪೇಟಿಯ ಗಂಧಾರ ಹಿಡಿದು ನೋಡಿದೆ. ಅದು ಸ್ವಲ್ಪ ಮೇಲೆ, ಅದಕ್ಕೇ ಪಳಗಿದ ನನ್ನ ದನಿಯದೂ ಮೇಲೆಯೇ. ಶಿವರಾಯಪ್ಪನ ಗಂಧಾರ ನೆನಪಿಸಿಕೊಂಡು ಹಾಡಿ ನೋಡಿದೆ. ಅದು ಸ್ವಲ್ಪ ಕೆಳಗೆ. ತಂಬೂರಿಯದು ಎರಡರ ನಡುವೆ ಎಲ್ಲೋ ಇತ್ತು. ಹಾಗಾದರೆ ನಾನು ಇಷ್ಟು ದಿನ ಯಾವುದನ್ನು ಸರಿ ಎಂದು ಮಕ್ಕಳಿಗೆ ಹೊಡೆದು ಬಡಿದು ಕಲಿಸುತ್ತಿದ್ದೆ? ಆವತ್ತು ಅಡುಗೆ ಮಾಡಲೂ ಮನಸ್ಸಾಗಲಿಲ್ಲ, ಒಣ ರೊಟ್ಟಿ ಶೇಂಗಾ ಹಿಂಡಿ ತಿಂದು ಕೂತೆ. ಹೊಸದಾಗಿ ಸೇರಿದವರಿಗೆ ಒಂದು ಮಾತು: ಈ ಪರೀಕ್ಷೆಯನ್ನು ನಿವೃತ್ತಿಯಾದ ಮೇಲೆ ಮಾಡಿ.

ಮುದ್ದೇಬಿಹಾಳಕ್ಕೆ ವರ್ಗವಾದಾಗ, ಇನ್ನು ಈ ಹುಡುಗಿ ಬರಲಾರಳು ಅಂದುಕೊಂಡೆ. ಭೀಮಾ ದಂಡೆ ಎಲ್ಲಿ, ಮುದ್ದೇಬಿಹಾಳ ಎಲ್ಲಿ. ಬಸ್ಸಿನ ಮೇಲೆ ಬಸ್ಸು ಬದಲಿಸಿ ಬಂದಳು. ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು, ನನ್ನ ಪಾಲೂ ಅದರಲ್ಲಿ ಇರುತ್ತಿತ್ತು. ಮನೆಯಲ್ಲಿ ಅವಳ ಲಗ್ನದ ಮಾತು ಎದ್ದಿತ್ತು. ರೇಡಿಯೊದಲ್ಲಿ ಹಾಡುವ ತನಕ ಲಗ್ನ ಬೇಡವೆಂದು ಅವಳು, ಹಾಡು ಹಾಡು ಎಂದು ಹುಡುಗಿ ಮುದುಕಿಯಾಗುತ್ತಾಳೆಂದು ಅವಳ ತಾಯಿ. ಆ ತಾಯಿ ಒಮ್ಮೆ ನನಗೇ ಹೇಳಿ ಕಳಿಸಿದ್ದರು: ಅಕ್ಕೋರಿಗಂತೂ ಮಕ್ಕಳಿಲ್ಲ, ನಮ್ಮ ಮಗಳನ್ನಾದರೂ ಬಿಡಲಿ. ಆ ಮಾತು ನನಗೆ ನಟ್ಟಿತು. ಎರಡು ವಾರ ನಾನು ಪಾಠದಲ್ಲಿ ಮನಸ್ಸಿಟ್ಟು ಕೂರಲಿಲ್ಲ. ಗೌರಾಬಾಯಿ ಸಾರಂಗ ಹಾಡಿ ಬುತ್ತಿ ಬಿಚ್ಚಿ ಉಣ್ಣಿಸಿ ಹೋದಳು.

ಆ ಹೊತ್ತಿಗೆ ಕರೆಂಟಿನ ತಂಬೂರಿ ಬಂದಿತ್ತು. ತಂತಿ ಇಲ್ಲ, ಮೀಟುವುದಿಲ್ಲ, ಗುಂಡಿ ಒತ್ತಿದರೆ ತಾನೇ ನುಡಿಯುತ್ತದೆ. ಜಂಬದಿಂದ ನಾನೂ ಒಂದು ಕೊಂಡೆ. ಆಗ ಗೌರಾಬಾಯಿಗೆ ಉಪವಾಸ ಬಿಡಿಸಿ ಭೂಪ ರಾಗ ಶುರುಮಾಡಿದ್ದೆ. ಗಂಧಾರವೇ ಅದರ ಜೀವ. ಒಂದು ದಿನ ಇಬ್ಬರೂ ಕೂಡಿ ಹಾಡುತ್ತಿದ್ದೆವು. ಅವಳು ಥಟ್ಟನೆ ನಿಲ್ಲಿಸಿದಳು.

'ಅಕ್ಕೋರ, ಸಾ ಇಳದೈತ್ರಿ.'

ನನಗೆ ಸಿಟ್ಟು ನೆತ್ತಿಗೇರಿತು. ಗಂಧಾರ ಆಯಿತು, ಈಗ ನನ್ನ ಷಡ್ಜಕ್ಕೇ ಬಂದೆಯಾ ಅಂದೆ. ಅವಳು ಮೂಲೆಯಲ್ಲಿದ್ದ ನನ್ನ ಹಳೆಯ ತಂಬೂರಿ ಮೀಟಿದಳು. ಹೌದು, ಕರೆಂಟಿನದು ಇಳಿದಿತ್ತು. ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ ಶುರುವಾದರೆ ನಮ್ಮ ಮನೆಯ ದೀಪ ಮಂಕಾಗುತ್ತಿತ್ತು. ದೀಪದ ಜೊತೆ ಈ ಪೆಟ್ಟಿಗೆಯ ಷಡ್ಜವೂ ಸೋರುತ್ತ ಇಳಿದಿತ್ತು. ಅದರ ಹಿಂದೆ ನಾನೂ ಇಳಿದಿದ್ದೆ, ಅವಳು ಇಳಿದಿರಲಿಲ್ಲ. ಗಿರಣಿಯವರು ಜೋಳ ಬೀಸಿ ಮುಗಿಸುವ ತನಕ ಇಬ್ಬರೂ ನಕ್ಕೆವು. ನೀನು ಇನ್ನು ಆಡಿಷನ್ನಿಗೆ ಹೋಗು ಎಂದು ಆಗಲೇ ಹೇಳಿದೆ.

ಹೋದಳು. ಭೂಪವನ್ನೇ ಹಾಡಿದಳು. ಈ ಸಲ ಆಯ್ಕೆಯಾದಳು, ಅಂಗನವಾಡಿ ಬಿಟ್ಟು ರೇಡಿಯೊ ಕೇಂದ್ರವಿದ್ದ ಊರಲ್ಲೇ ಒಂದು ಕೋಣೆ ಹಿಡಿದಳು.

ಮೊದಲ ಕಾರ್ಯಕ್ರಮ ಬಂದ ಬೆಳಿಗ್ಗೆ ನಾನು ಬಸವನ ಬಾಗೇವಾಡಿಯಲ್ಲಿದ್ದೆ. ಎಸರು ಕುದಿಯಲು ಇಟ್ಟು ಮರೆತು, ರೇಡಿಯೊದ ಮುಂದೆ ಕೂತೆ. ಅವಳ ಗಂಧಾರ ಒಂದು ಸಲವೂ ಜಾರಲಿಲ್ಲ. ಮುಗಿಯುವಷ್ಟರಲ್ಲಿ ಪಾತ್ರೆ ಸೀದುಹೋಗಿತ್ತು. ಸಂತೋಷಕ್ಕೆ ಅತ್ತೆ, ಮತ್ತೆ ಯಾಕೋ ಸುಮ್ಮನೆಯೂ ಅತ್ತೆ.

ಅವಳ ಊರಲ್ಲಿ ಆ ಬೆಳಿಗ್ಗೆ ಏನಾಯಿತೆಂದು ನನಗೆ ಆಮೇಲೆ ತಿಳಿಯಿತು. ಗುಡಿ ಕಟ್ಟೆಯ ಮೇಲೆ ರೇಡಿಯೊ ಇಟ್ಟು ಊರೆಲ್ಲ ಕೂಡಿತ್ತು. ಶಿವರಾಯಪ್ಪ ಪೇಟಿ ತಂದಿಟ್ಟುಕೊಂಡು, ಮಗಳು ರೇಡಿಯೊದಲ್ಲಿ ಹಾಡಿದರೆ ತಾನು ಇಲ್ಲಿಂದಲೇ ಸಾಥ್ ಕೊಡುವುದೆಂದು ತಯಾರಾಗಿದ್ದರು. ಷಡ್ಜ ಕೂಡಿತು, ಪಂಚಮ ಕೂಡಿತು. ಗಂಧಾರ ಬಂದಾಗ ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗೆ ಆಯಿತಂತೆ. ಮತ್ತೆ ಮತ್ತೆ ಹಾಗೇ ಆಯಿತು. ಕಾರ್ಯಕ್ರಮ ಮುಗಿದ ಕೂಡಲೇ ಅವರು ರೇಡಿಯೊವನ್ನು ಚೀಲದಲ್ಲಿ ಹಾಕಿಕೊಂಡು ಇಂಡಿಗೆ ಹೋಗಿ ರಿಪೇರಿ ಅಂಗಡಿಯಲ್ಲಿಟ್ಟು, ಇದು ಗಂಧಾರ ಏರಿಸಿ ಹಾಡುತ್ತದೆ, ಸರಿಮಾಡಿ ಕೊಡು ಅಂದರು. ಅಂಗಡಿಯವನು ಬಿಚ್ಚಿ ನೋಡಿ, ಧೂಳು ಊದಿ, ಏನೂ ಆಗಿಲ್ಲವೆಂದು ವಾಪಸು ಕೊಟ್ಟ. ಇವರು ಅವನಿಗೆ ಕೆಲಸ ಬರುವುದಿಲ್ಲ ಎಂದು ಬೈದು ಬಂದರು. ಎರಡನೇ ಕಾರ್ಯಕ್ರಮಕ್ಕೆ ನೆರೆಮನೆಯವರ ರೇಡಿಯೊ ತರಿಸಿದರು. ಅದೂ ಹಾಗೇ ಹಾಡಿತು.

ಆಮೇಲೆ ಒಂದು ದಿನ ಬಾಗೇವಾಡಿಯಲ್ಲಿ ನನ್ನ ಮನೆ ಬಾಗಿಲಿಗೆ ಶಿವರಾಯಪ್ಪ ಬಂದರು. ಹೆಗಲ ಮೇಲೆ ಕೌದಿಯಲ್ಲಿ ಸುತ್ತಿದ ಪೇಟಿ. ನೀರು ಕೊಟ್ಟೆ, ಕುಡಿಯಲಿಲ್ಲ.

'ಎರಡೂ ರೇಡಿಯೊ ಕೆಟ್ಟಿರಾಕ ಸಾಧ್ಯ ಇಲ್ರಿ ಅಕ್ಕೋರ. ಹಂಗಾದ್ರ ಪೇಟಿನ ಕೆಟ್ಟೈತಿ. ನಿಮಗ ಗೊತ್ತಿತ್ತು, ಹೌದಲ್ಲೋ?'

ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳತೊಡಗಿದೆ. ನಿಮ್ಮದು ಸ್ವಲ್ಪ ಕೆಳಗಿರಬಹುದು, ನನ್ನ ಬಾಯಿಂದ ಕಲಿತ ಅವಳದೂ ತಂಬೂರಿಗಿಂತ ಸ್ವಲ್ಪ ಮೇಲೆಯೇ ಇದೆ, ನಿಜವಾದದ್ದು ನಡುವೆ ಎಲ್ಲೋ ಇದೆ, ಅಂತ. ನನಗೇ ನನ್ನ ಮಾತು ಅರ್ಥವಾಗುತ್ತಿರಲಿಲ್ಲ. ಅವರು ಕೈ ಎತ್ತಿ ನಿಲ್ಲಿಸಿದರು.

'ನನಗ ತಂಬೂರಿದು ಬ್ಯಾಡ್ರಿ, ಖರೇದು ಯಾವ್ದು ಅಂತನೂ ಬ್ಯಾಡ. ನನ್ನ ಮಗಳ ಸ್ವರಕ್ಕ ಈ ಪೇಟಿ ಕೂಡಿಸಿ ಕೊಡ್ರಿ. ಗುಡಿಯ ಏಳು ದಿನದ ಭಜನಿ ಸಪ್ತಾಹಕ್ಕ ಊರಿಗೆ ಬರ್ತಾಳ. ಅಲ್ಲೀತನಕ ಆಕಿಗೆ ಹೇಳಬ್ಯಾಡ್ರಿ.'

ಅಳುತ್ತಾರೆಂದು ಹೆದರಿದ್ದೆ. ಪೇಟಿ ಬಿಡುತ್ತಾರೆ, ಊಟ ಬಿಡುತ್ತಾರೆ ಎಂದು ಮಗಳು ಇಷ್ಟು ವರ್ಷ ಹೆದರಿ ಗಂಟಲಲ್ಲಿ ಸ್ವರ ನುಂಗಿದ್ದಳು. ಈ ಮನುಷ್ಯ ಮಗಳನ್ನು ಒಪ್ಪಿ, ತನ್ನ ಪೇಟಿಯನ್ನೇ ತಪ್ಪೆಂದು ಹೊತ್ತುಕೊಂಡು ಬಂದಿದ್ದರು. ಮಕ್ಕಳ ಸಂಗೀತದ ಬಗ್ಗೆ ನನಗೆ ಏನಾದರೂ ಗೊತ್ತಿರಬಹುದು, ತಂದೆಯರ ಬಗ್ಗೆ ಏನೂ ಗೊತ್ತಿರಲಿಲ್ಲ.

ಇಬ್ಬರೂ ಬಿಜಾಪುರಕ್ಕೆ ಹೋದೆವು. ಪೇಟಿ ರಿಪೇರಿ ಮಾಡುವ ಚಾಚಾ ಆ ರೀಡನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದರು. ತುದಿಯನ್ನು ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಆದರೆ ಕೆರೆದದ್ದು ತಿರುಗಿ ಬರುವುದಿಲ್ಲ, ನೋಡಿಕೊಂಡು ಹೇಳಿ ಅಂದರು. ನಾನು ಶಿವರಾಯಪ್ಪನ ಮುಖ ನೋಡಿದೆ. ಅವರು ತಮ್ಮ ಗಂಟುಬೆರಳಿನಿಂದ ಒಮ್ಮೆ ಆ ಚೂರು ಹಿತ್ತಾಳೆಯನ್ನು ಮುಟ್ಟಿ, ಕೆರೀರಿ ಅಂದರು. ಚಾಚಾ ಕೆರೆಯುವಾಗ ಆ ಕಡೆ ತಿರುಗಿ ರಸ್ತೆ ನೋಡುತ್ತ ನಿಂತರು.

ಮಗಳ ಗುಟ್ಟು ತಂದೆಗೆ ಹೇಳುವಂತಿರಲಿಲ್ಲ, ಈಗ ತಂದೆಯ ಗುಟ್ಟು ಮಗಳಿಗೆ ಹೇಳುವಂತಿರಲಿಲ್ಲ. ಸಪ್ತಾಹಕ್ಕೆ ಮುಂಚೆ ಗೌರಾಬಾಯಿ ಬಂದಾಗ ನಾನು ಅವಳ ಕಣ್ಣು ತಪ್ಪಿಸಿ ಅಕ್ಕಿ ಆರಿಸುತ್ತ ಕೂತೆ. ಅವಳು ಹೊರಡುವಾಗ ಹೊಸ್ತಿಲಲ್ಲಿ ನಿಂತು, ಬಿಟ್ಟ ಸ್ವರ ಮತ್ತೆ ಬಾಯಿಗೆ ಬರುತ್ತದೆಯೇ ಎಂದು ಕೇಳಿದಳು. ಜಾರುವ ಹೆದರಿಕೆ ಇನ್ನೂ ಹೋಗಿಲ್ಲ ಅಂದುಕೊಂಡು, ಬರುವುದಿಲ್ಲ, ನೀನು ಗಟ್ಟಿಯಾಗಿದ್ದೀ ಎಂದು ಧೈರ್ಯ ಹೇಳಿದೆ. ಅವಳ ಮುಖ ಯಾಕೆ ಸಪ್ಪಗಾಯಿತೆಂದು ಆಗ ತಿಳಿಯಲಿಲ್ಲ.

ಸಪ್ತಾಹ ಮುಗಿಯುವ ದಿನ ಮಧ್ಯಾಹ್ನ. ಗುಡಿಯ ತುಂಬ ಜನ. ಶಿವರಾಯಪ್ಪ ಹೊಸ ಪಟಗ ತಲೆಗೆ ಸುತ್ತಿಕೊಂಡು ಪೇಟಿಯ ಮುಂದೆ ಕೂತಿದ್ದರು. ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ರೇಡಿಯೊದಲ್ಲಿ ಹಾಡುವ ಮಗಳು ಅವರ ಪಕ್ಕದಲ್ಲಿ ಕೂತಳು. ಊರು ಬಲ್ಲ ಒಂದು ತತ್ವಪದವನ್ನೇ ಎತ್ತಿಕೊಂಡಳು. ಎರಡು ಸ್ವರ ದಾಟಿ ಗಂಧಾರಕ್ಕೆ ಬಂದಳು.

ಅವಳು ಹಾಡಿದ್ದು ಹಳೆಯ ಗಂಧಾರ. ಆ ಊರಿನ ಗಂಧಾರ. ತಂದೆಯ ಜೊತೆ ಒಮ್ಮೆಯಾದರೂ ಬಾಯಿ ಬಿಟ್ಟು ಹಾಡಬೇಕೆಂದು ಅವಳು ಗುಟ್ಟಾಗಿ ಅದನ್ನು ಮತ್ತೆ ಕಲಿತು ಬಂದಿದ್ದಳು. ಊರೆಲ್ಲ ಅವಳ ಜೊತೆ ಅದನ್ನೇ ಹಾಡಿತು. ಪೇಟಿಯೊಂದೇ ಬೇರೆ. ಶಿವರಾಯಪ್ಪನ ಬೆರಳಿನ ಕೆಳಗೆ ಮಗಳ ಹೊಸ ಗಂಧಾರ ಕೂಗುತ್ತಿತ್ತು.

ಅವಳು ತಿರುಗಿ ಪೇಟಿ ನೋಡಿದಳು, ತಂದೆಯ ಮುಖ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ತಿಳಿದುಹೋಯಿತು. ಎರಡನೇ ಸಾಲಿಗೆ ಅವಳು ತಂದೆಗಾಗಿ ಹೊಸ ಗಂಧಾರಕ್ಕೆ ಏರಿದಳು. ಅದೇ ಹೊತ್ತಿಗೆ ತಂದೆ ಮಗಳಿಗಾಗಿ ಆ ಪಟ್ಟಿಯಿಂದ ಬೆರಳು ತೆಗೆದುಬಿಟ್ಟರು. ಈಗ ಪೇಟಿ ಸುಮ್ಮನೆ, ಊರಿನದು ಒಂದು ಸ್ವರ, ಅವಳೊಬ್ಬಳದು ಇನ್ನೊಂದು. ತಬಲಾದವನು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದ, ಅಕ್ಕೋರಿಗೆ ಎಲ್ಲ ತಿಳಿಯುತ್ತದೆ ಎಂದು. ನಗಬೇಕೋ ಅಳಬೇಕೋ ನನಗೇ ತಿಳಿಯದೆ ಸೆರಗು ಬಾಯಿಗಿಟ್ಟುಕೊಂಡೆ.

ಮೂರನೇ ಸಾಲಿಗೆ ಶಿವರಾಯಪ್ಪ ಬರೀ ಷಡ್ಜ ಒತ್ತಿ ಹಿಡಿದು ತಿದಿ ಊದುತ್ತ ಕೂತರು. ಗೌರಾಬಾಯಿ ಕಣ್ಣು ಮುಚ್ಚಿ ಹಾಡಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆ ಸಲ ಅವಳು ಹಾಡಿದ ಗಂಧಾರ ಯಾವುದು? ಹಳೆಯದಲ್ಲ, ಹೊಸದೂ ಅಲ್ಲ ಅನ್ನಿಸಿತು. ನನ್ನ ತಂಬೂರಿಯೊಳಗಿಂದ ತಾನಾಗಿ ಬರುತ್ತಿತ್ತಲ್ಲ, ಅದೇ ಇರಬಹುದು. ನನ್ನ ಕಿವಿಯ ಆಸೆಯೂ ಇರಬಹುದು. ಆಮೇಲೆ ಅವಳನ್ನೇ ಕೇಳಿದೆ, ತನಗೂ ಗೊತ್ತಿಲ್ಲ ಅಂದಳು. ಜನರಂತೂ ತಮ್ಮ ಪಾಡಿಗೆ ತಾವು ಹಾಡುತ್ತಿದ್ದರು, ಅವರಿಗೆ ಏನೂ ಆಗಿರಲಿಲ್ಲ.

ಪ್ರಸಾದಕ್ಕೆ ಕೂತಾಗ ಶಿವರಾಯಪ್ಪ ನನ್ನ ಎಲೆಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು, 'ಅಕ್ಕೋರ, ಈಗ ಯಾರದು ತಪ್ಪಾತ್ರಿ?' ಎಂದು ಕೇಳಿದರು. ಚೇಷ್ಟೆಗೆ ಕೇಳಿದರೋ ನಿಜವಾಗಿ ಕೇಳಿದರೋ ಗೊತ್ತಿಲ್ಲ. ನಾನು ಹುಗ್ಗಿಗೆ ತುಪ್ಪ ಕಲಸುತ್ತ ಕೂತೆ.

ಗೌರಾಬಾಯಿಯ ಲಗ್ನವಾಯಿತು. ಇಂದು ಅವಳ ಕಛೇರಿಗಳಿಗೆ ದೂರದೂರದಿಂದ ಜನ ಬರುತ್ತಾರೆ, ಅವಳ ಗಂಧಾರವನ್ನು ಹೊಗಳುತ್ತಾರೆ. ಹೊಗಳಿದವರಿಗೆ ಅವಳು ನನ್ನ ಹೆಸರು ಹೇಳುತ್ತಾಳೆ. ನಾನು ಏನು ಕಲಿಸಿದೆನೋ ನನಗೆ ಸ್ಪಷ್ಟವಿಲ್ಲ. ಒಂದು ವರ್ಷ ಒಂದು ಸ್ವರವನ್ನು ಹಾಡಬೇಡ ಅಂದೆ, ಅಷ್ಟೇ.

ನಿವೃತ್ತಿಯಾದ ಮೇಲೆ ಒಮ್ಮೆ ಆ ಊರಿಗೆ ಹೋಗಿದ್ದೆ. ಶಿವರಾಯಪ್ಪನಿಗೆ ಕಣ್ಣು ಮಂದ, ಕೈ ಇನ್ನೂ ಚುರುಕು. ಪೇಟಿಯ ಪಟ್ಟಿಗಳೆಲ್ಲ ಬೆರಳಾಡಿ ಸವೆದು ಹೊಳೆಯುತ್ತಿದ್ದವು. ಆ ಒಂದು ಬಿಳಿ ಪಟ್ಟಿಯ ಮೇಲೆ ಮಾತ್ರ ಧೂಳು ಕೂತಿತ್ತು. ಭಜನೆಯಲ್ಲಿ ಗಂಧಾರ ಬಂದಾಗ ಅವರು ಬೆರಳು ಎತ್ತುತ್ತಾರೆ. ಆಗ ಊರು ತನ್ನ ಗಂಧಾರ ಹಾಡುತ್ತದೆ, ಮಗಳು ಬಂದಿದ್ದರೆ ತನ್ನದನ್ನು ಹಾಡುತ್ತಾಳೆ.

ಆದ್ದರಿಂದ, ಮೊನ್ನೆ ಬಂದಿದ್ದ ಹುಡುಗಿಯೇ, ನಿನ್ನ ಶಾಲೆಯಲ್ಲಿ ಒಂದು ಊರಿನ ಮಕ್ಕಳೆಲ್ಲ ಒಂದೇ ಕಡೆ ಸ್ವರ ತಪ್ಪಿದರೆ ಬೈಯಬೇಡ. ಮೊದಲು ಅವರ ಊರಿಗೆ ಹೋಗಿ ಬಾ. ಹೋಗಿ ಬಂದ ಮೇಲೆ ಏನು ಮಾಡಬೇಕೆಂದು ಮಾತ್ರ ನನ್ನನ್ನು ಕೇಳಬೇಡ.